ಬೇಲಿಯಾಚೆಯ ಯುಫೋನಿಯಂ

ಗುರುವಾರ ಮಧ್ಯಾಹ್ನ ತಟ್ಟೆ ತೊಳೆಯುತ್ತಿದ್ದಾಗಲೇ ಲೆಸಿಯೆಲಿಗೆ ಅಳುಕು ಶುರುವಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಮೋಸೆಸೆಯ ಟೈರ್ ಅಂಗಡಿಗೆ ಹೋಗಬೇಕು. ಹೋದರೆ ತನ್ನ ಸರದಿ ಬಂದೇ ಬರುತ್ತದೆ. ಬಂದರೆ ಕೇಳಿಸಲು ಕೈಯಲ್ಲಿ ಏನೂ ಇಲ್ಲ.

ದ್ವೀಪನಾಡಿನ ಬಂದರು ಪಟ್ಟಣ ನುಕುಅಲೋಫಾದಲ್ಲಿ ಆ ಗುರುವಾರದ ಕೂಟವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದ್ದವರೇ ಮೂವರು. ಮೋಸೆಸೆ ಟೈರಿಗೆ ತೇಪೆ ಹಾಕುವವನು. ಗುಜರಿಗೆ ಬಿದ್ದ ವ್ಯಾನಿನಿಂದ ಎರಡು ಸ್ಪೀಕರು ಕಿತ್ತು ಅಂಗಡಿಯ ಕಂಬಕ್ಕೆ ಬಿಗಿದು, ಜಗತ್ತಿನ ಯಾವ ಮೂಲೆಯ ಗಿಟಾರ್ ಸಿಕ್ಕರೂ ಅದರಲ್ಲಿ ಹಾಕಿ ಬೀದಿಗೆಲ್ಲ ಕೇಳಿಸುವವನು. ಹೆಪಿಸಿಪಾ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಈಗ ಚರ್ಚಿನ ಹಾಡುಗಾರರನ್ನು ಬರೀ ಹುಬ್ಬು ಕುಣಿಸಿ ಹೆದರಿಸಿ ಹಾಡಿಸುತ್ತಿದ್ದಳು. ಲೆಸಿಯೆಲಿ ಬಟ್ಟೆ ಹೊಲಿಯುವವಳು, ಗಂಡ ತೀರಿಕೊಂಡ ಮೇಲೆ ಮಾತಿಗಿಂತ ಹಾಡನ್ನೇ ಹೆಚ್ಚು ಕೇಳುತ್ತಿದ್ದವಳು. ಒಮ್ಮೆ ಅವಳ ಸೈಕಲ್ ಪಂಕ್ಚರ್ ಆಗಿ ಅಂಗಡಿಗೆ ಬಂದಾಗ ಅಲ್ಲಿ ಹಾಡೊಂದು ನಡೆದಿತ್ತು. ತೇಪೆ ಹಾಕಿ ಮುಗಿದರೂ ಅವಳು ಏಳಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಹೆಪಿಸಿಪಾ, "ಏನಿದು ಗಲಾಟೆ, ಮನುಷ್ಯರು ಬದುಕಬೇಕೋ ಬೇಡವೋ" ಎಂದು ಜಗಳಕ್ಕೆ ಬಂದಳು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಹಾಡು ಮುಗಿದ ಮೇಲೆ, "ಇನ್ನೊಂದ್ಸಲ ಹಾಕು ನೋಡೋಣ" ಎಂದಳು. ಕೂಟ ಹುಟ್ಟಿದ್ದು ಹಾಗೆ.

ನಿಯಮ ಒಂದೇ. ಪ್ರತಿ ವಾರ ಒಬ್ಬೊಬ್ಬರನ್ನೂ ಕೇಳುತ್ತಾರೆ: "ಈ ವಾರ ನಿನ್ನ ಕಿವಿಯಲ್ಲಿ ಏನಿದೆ?" ಆ ವಾರ ನಿಜವಾಗಿ ಏನನ್ನು ಕೇಳುತ್ತಿದ್ದೀಯೋ ಅದನ್ನೇ ತರಬೇಕು. ಪ್ರಾಯದಲ್ಲಿ ಮೆಚ್ಚಿದ್ದನ್ನು, ಬೇರೆಯವರ ಮುಂದೆ ದೊಡ್ಡವರಾಗಲು ಆರಿಸಿದ್ದನ್ನು ತರುವ ಹಾಗಿಲ್ಲ. "ನಿನ್ನೆಯ ಗೆಣಸು ಬಿಸಿ ಮಾಡಿ ಬಡಿಸಬಾರದು" ಎಂದು ಹೆಪಿಸಿಪಾ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು.

ಜನವರಿ ಬಂತೆಂದರೆ ಲೆಸಿಯೆಲಿಗೆ ಶಾಲೆ ಮಕ್ಕಳ ಸಮವಸ್ತ್ರದ ರಾಶಿ. ಬೆಳಿಗ್ಗೆ ಯಂತ್ರದ ಮುಂದೆ ಕೂತರೆ ಕತ್ತಲಾಗುವ ತನಕ ಕಾಲು ಪೆಡಲಿನ ಮೇಲೆಯೇ. ಕಳೆದ ವಾರ ಅವಸರಕ್ಕೆ ಯಾವುದೋ ಹಳೆಯ ಹಾಡು ಕೇಳಿಸಿ ಸಿಕ್ಕಿಬಿದ್ದಿದ್ದಳು. ಈ ವಾರವೂ ಹಾಗೆ ಮಾಡಿದರೆ ಹೆಪಿಸಿಪಾ ಸುಮ್ಮನಿರುವವಳಲ್ಲ. ಒಂದೂ ಹಾಡು ಕೇಳಲಿಲ್ಲವೇ ನಾನು? ಸೈಕಲ್ ತಳ್ಳಿಕೊಂಡು ಹೋಗುತ್ತ ಯೋಚಿಸಿದಳು. ದಿನಾ ಫೋನಿನಲ್ಲಿ ಏನೋ ಒಂದು ಹಾಕಿಕೊಳ್ಳುತ್ತಿದ್ದಳಲ್ಲ. ಆದರೆ ಸಂಜೆಯಾದ ಕೂಡಲೇ ಅದನ್ನು ಆರಿಸಿಬಿಡುತ್ತಿದ್ದಳು. ಯಾಕೆ ಆರಿಸುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಾಗ ಉತ್ತರ ಹೊಳೆದು, ಬೀದಿಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬಂದ ಹಂದಿಯೂ ಮರಿಗಳೂ ಅವಳನ್ನು ಬಳಸಿಕೊಂಡು ಮುಂದೆ ಹೋದವು.

ಅಂಗಡಿಯಲ್ಲಿ ಮೊದಲ ಸರದಿ ಮೋಸೆಸೆಯದು. ಕಾಂಗೋ ದೇಶದ ಗಿಟಾರಿನವನೊಬ್ಬನ ಹಾಡು ಹಾಕಿ, ಟೈರಿನ ಮೇಲೆ ಕೂತು ಹೊಟ್ಟೆ ಕುಲುಕಿಸಿದ. ಹೆಪಿಸಿಪಾ ಯಾವುದೋ ಬೆಟ್ಟದ ನಾಡಿನ ಹೆಂಗಸರ ಹಾಡು ತಂದಿದ್ದಳು. ಎರಡು ದನಿಗಳು ಒಂದಕ್ಕೊಂದು ಉಜ್ಜಿಕೊಂಡು ಹೋಗುವಾಗ ಹಲ್ಲು ಜುಮ್ಮೆನ್ನುವಂಥದ್ದು. ಮೂವರೂ ಕಣ್ಣು ಮುಚ್ಚಿ ಕೇಳಿದರು.

"ನಿನ್ನ ಕಿವೀಲಿ ಏನಿದೆ ಲೆಸಿಯೆಲಿ?" ಎಂದಳು ಹೆಪಿಸಿಪಾ.

"ಕೆಫು" ಎಂದಳು ಲೆಸಿಯೆಲಿ.

"ಯಾವ ದೇಶದವನು?"

"ನಮ್ಮ ಪಕ್ಕದ ಮನೆಯವನು."

ಮೋಸೆಸೆ ನಕ್ಕ ರಭಸಕ್ಕೆ ಟೈರಿನಿಂದ ಜಾರಿದ. "ಬಂದರಲ್ಲಿ ಕ್ರೇನ್ ಓಡಿಸೋ ಕೆಫುನಾ? ಆ ಬೆಟ್ಟದಂಥ ಆಸಾಮಿ? ಅವನು ಬ್ಯಾಂಡಲ್ಲಿ ದೊಡ್ಡ ಡೋಲು ಬಡಿಯೋನು ಮಾರಾಯ್ತಿ! ಡೋಲು ಕೇಳ್ತಾ ಕೂತಿದೀಯಾ?"

"ಡೋಲಲ್ಲ. ಯುಫೋನಿಯಂ ಕಲೀತಾ ಇದಾನೆ. ಮಡಿಲಲ್ಲಿ ಮಗು ಥರ ಇಟ್ಕೊಂಡು ಊದ್ತಾರಲ್ಲ, ದೊಡ್ಡ ಹೊಟ್ಟೆಯ ಹಿತ್ತಾಳೆ ವಾದ್ಯ, ಅದು. ಈಸ್ಟರ್ ಕಳೆದ ಮೇಲೆ ಶುರು ಮಾಡಿದ. ಕೆಲಸದಿಂದ ಬಂದು, ಸ್ನಾನ ಮಾಡಿ, ದೀವಿಹಲಸಿನ ಆ ದೊಡ್ಡ ಮರ ಇದೆಯಲ್ಲ ಅವರ ಹಿತ್ತಲಲ್ಲಿ, ಅದರ ಕೆಳಗೆ ಕೂತ್ಕೋತಾನೆ. ಒಂದೇ ಒಂದು ಸ್ತೋತ್ರ. ಅದೇ, ದೋಣಿ ದಡ ಸೇರಲಿ ಅಂತ ಬೇಡ್ಕೊಳ್ಳೋದು."

"ಚೆನ್ನಾಗಿ ನುಡಿಸ್ತಾನಾ?" ಹೆಪಿಸಿಪಾಳ ಹುಬ್ಬು ಏರಿತು.

"ಇಲ್ಲ."

"ಮತ್ತೆ?"

"ಮೊದಮೊದಲು ಬೇಲಿಗೆ ಹಂದಿ ಸಿಕ್ಕಿಹಾಕ್ಕೊಂಡ ಹಾಗಿತ್ತು. ನಾನೇ ಒಂದ್ಸಲ ಎದ್ದು ಹೋಗಿ ನೋಡಿದೀನಿ. ಆಮೇಲೆ ಒಂದು ಸ್ವರ ಬಂತು. ಒಂದೇ ಒಂದು. ಆ ವಾರವೆಲ್ಲ ಅದನ್ನೇ ಊದಿದ. ಆಮೇಲೆ ಎರಡು. ಈಗ ಪೂರ್ತಿ ಸ್ತೋತ್ರ ಬರುತ್ತೆ, ಒಂದು ಜಾಗ ಬಿಟ್ಟು. ಐದರಿಂದ ಮೇಲಿನ ಮೂರಕ್ಕೆ ಹಾರಬೇಕಲ್ಲ, ಅಲ್ಲಿ."

ಸ್ವರಗಳನ್ನು ಅಂಕಿಗಳಲ್ಲಿ ಬರೆದು ಹಾಡುವ ನಾಡು ಅದು. ಮೂರು ಎಂದರೆ ನೆಲೆಯ ಸ್ವರ, ಅಲ್ಲಿಂದ ಒಂಬತ್ತರ ತನಕ ಮೆಟ್ಟಿಲು ಮೇಲಕ್ಕೆ, ಅದರಾಚೆ ಮತ್ತೆ ಮೇಲಿನ ಮೂರು. ಐದರ ಮೇಲೆ ನಿಂತು ಒಂದೇ ನೆಗೆತಕ್ಕೆ ಮೇಲಿನ ಮೂರನ್ನು ಮುಟ್ಟುವುದೆಂದರೆ ಏನೆಂದು ಹೆಪಿಸಿಪಾಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಲ್ಲಿ ಪ್ರತಿ ಸಲ ಒಡೆದುಹೋಗುತ್ತೆ. ಬೇರೆಯವರಾದ್ರೆ ದಾಟಿಕೊಂಡು ಮುಂದಕ್ಕೆ ಹೋಗ್ತಾರೆ. ಇವನು ಹೋಗಲ್ಲ. ನಿಲ್ಲಿಸ್ತಾನೆ. ಒಳಗಿನ ನೀರು ಚೆಲ್ತಾನೆ. ಒಂದ್ಸಲ ಕೆಮ್ತಾನೆ. ಮತ್ತೆ ಸಾಲಿನ ಮೊದಲಿಂದ. ಕೋಪ ಇಲ್ಲ, ಅವಸರ ಇಲ್ಲ. ಫೋನಲ್ಲಿ ಬರೋರು ಯಾರೂ ತಪ್ಪೇ ಮಾಡಲ್ಲ ಟೀಚರ್. ಅವರಿಗೋಸ್ಕರ ನಾನು ಯಾವತ್ತೂ ಉಸಿರು ಬಿಗಿಹಿಡಿದಿಲ್ಲ. ಇವನ ಆ ಸ್ವರಕ್ಕೆ ಹಿಡೀತೀನಿ. ಪೆಡಲಿನ ಮೇಲಿನ ಕಾಲು ಕೂಡ ನಿಂತುಹೋಗುತ್ತೆ."

"ಇದು ಸಂಗೀತ ಅಲ್ಲ, ನೆರೆಹೊರೆ" ಎಂದು ಹೆಪಿಸಿಪಾ ತೀರ್ಪು ಕೊಟ್ಟಳು.

ಮೋಸೆಸೆ ಮಾತ್ರ ನಗು ನಿಲ್ಲಿಸಿದ್ದ. "ಕೇಳಿಸು ಮತ್ತೆ. ನಿಯಮ ಅಂದ್ರೆ ನಿಯಮ. ತಂದವರು ಕೇಳಿಸಬೇಕು."

"ಅದನ್ನ ಫೋನಿಗೆ ಹಿಡಿಯೋದು ಸರಿಯಲ್ಲ. ಕದ್ದ ಹಾಗಾಗುತ್ತೆ."

"ಹಾಗಾದ್ರೆ ಮುಂದಿನ ಗುರುವಾರ ನಿಮ್ಮನೇಲೇ ಕೂಟ" ಎಂದ ಮೋಸೆಸೆ.

ಫೋನಿಗೆ ಹಿಡಿಯುವುದು ಕಳ್ಳತನವಾದರೆ, ಜನರನ್ನು ಕರೆಸಿ ಕೂರಿಸುವುದು ಏನೆಂದು ಲೆಸಿಯೆಲಿಗೆ ಆ ಕ್ಷಣ ಹೊಳೆಯಲಿಲ್ಲ. ತಾನು ಮೆಚ್ಚಿದ್ದನ್ನು ಇನ್ನಿಬ್ಬರು ಕೇಳಲಿ ಎಂಬ ಆಸೆ ಕಣ್ಣು ಕಟ್ಟಿತ್ತು.

ಮುಂದಿನ ಗುರುವಾರ ಮೋಸೆಸೆ ಎಣ್ಣೆಯಲ್ಲಿ ಕರಿದ ಕೆಕೆ ಎಂಬ ಹಿಟ್ಟಿನುಂಡೆಗಳ ಪೊಟ್ಟಣದೊಂದಿಗೆ ಬಂದ. ಹೆಪಿಸಿಪಾ ಬೀಸಣಿಗೆ ಹಿಡಿದು ಬಂದಳು, ನಂಬಿಕೆಯಿಲ್ಲದ ಮುಖ ಹೊತ್ತು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಲೆಸಿಯೆಲಿ ಇಬ್ಬರಿಗೂ ಕೆಲಸ ಹಚ್ಚಿದಳು. ಟೀಚರು ಲಂಗಗಳನ್ನು ಮಡಿಸುವುದು; ಟೈರಿನವನು ಗುಂಡಿ ಹಚ್ಚುವುದು. ಮೋಸೆಸೆಯ ದಪ್ಪ ಬೆರಳಿನಲ್ಲಿ ಸೂಜಿ ಮೀನಿನ ಮುಳ್ಳಿನಂತೆ ಕಾಣುತ್ತಿತ್ತು. ಕಿಟಕಿ ಅರ್ಧ ತೆರೆದಿತ್ತು. ಆಚೆಗೆ ದಾಸವಾಳದ ಬೇಲಿ, ಬೇಲಿಯಾಚೆ ಆ ಮರ.

ಕೆಫು ಬಂದದ್ದು ಕುರ್ಚಿಯ ಕಿರುಗುಟ್ಟುವಿಕೆಯಿಂದ ಗೊತ್ತಾಯಿತು. ಮೊದಲು ಬರೀ ಉಸಿರು, ಕೊಳವೆಯಲ್ಲಿ ಗಾಳಿ ಓಡಾಡುವ ಸದ್ದು. ಆಮೇಲೆ ಕೆಳಗಿನ ಮೂರು. ಉದ್ದಕ್ಕೆ, ಒಂದೇ ಸಮನೆ, ಬೆಚ್ಚಗೆ. ಹೆಪಿಸಿಪಾಳ ಬೀಸಣಿಗೆ ನಿಧಾನವಾಯಿತು. ಸ್ತೋತ್ರ ಶುರುವಾಯಿತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಮೆತ್ತಗೆ ಹೆಜ್ಜೆಯಿಡಬಲ್ಲನೆಂದು ಯಾರೂ ಊಹಿಸುವಂತಿರಲಿಲ್ಲ. ಒಂದೊಂದು ಸ್ವರವನ್ನೂ ಮೊಟ್ಟೆಯ ಬುಟ್ಟಿ ಇಳಿಸಿದ ಹಾಗೆ ಇಳಿಸುತ್ತಿದ್ದ. ಮೊದಲ ಸಾಲು ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದು ಮೇಲೇರತೊಡಗಿತು.

"ಈಗ" ಎಂದು ಲೆಸಿಯೆಲಿ ಪಿಸುಗುಟ್ಟಿದಳು.

ಐದು. ನೆಗೆತ. ಮೇಲಿನ ಮೂರು ಅರೆಗಳಿಗೆ ಬಂದಂತೆಯೇ ಆಗಿ, ಬಟ್ಟೆ ಹರಿದಂತೆ ಪರ್ರನೆ ಒಡೆಯಿತು.

"ಅಯ್ಯೋ ದೇವರೇ!" ಎಂದು ಹೆಪಿಸಿಪಾ ನರಳಿದಳು. ಇಡೀ ಚರ್ಚಿಗೆ ಕೇಳಿಸಿ ರೂಢಿಯಾಗಿದ್ದ ಗಂಟಲು ಅದು. ಅದೇ ಕ್ಷಣ ಸೂಜಿ ಹೆಬ್ಬೆರಳಿಗೆ ಚುಚ್ಚಿಕೊಂಡು ಮೋಸೆಸೆಯೂ "ಹಾ!" ಎಂದ.

ಬೇಲಿಯಾಚೆ ಎಲ್ಲ ನಿಂತಿತು.

"ಯಾರದು?" ಎಂದಿತು ಕೆಫುವಿನ ದನಿ. ಹೆಪಿಸಿಪಾ ಲಂಗವೊಂದನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕುರ್ಚಿ ಕಿರುಗುಟ್ಟಿತು, ಹೆಜ್ಜೆಗಳು ಮನೆಯೊಳಗೆ ಹೋದವು, ಬಾಗಿಲು ಹಾಕಿಕೊಂಡಿತು.

ಶುಕ್ರವಾರ ಸಂಜೆ ಯುಫೋನಿಯಂ ಕೇಳಿಸಲಿಲ್ಲ. ಶನಿವಾರವೂ ಇಲ್ಲ. ಲೆಸಿಯೆಲಿ ಅಂಗಿಯೊಂದರ ತೋಳನ್ನು ಒಳಹೊರಗಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದಳು. ಫೋನಿನಲ್ಲಿ ಏನನ್ನು ಹಾಕಿದರೂ ಸಂಜೆ ತುಂಬಲಿಲ್ಲ. ತಿಂಗಳುಗಟ್ಟಲೆ ಕಿವಿಗೆ ಬಿದ್ದದ್ದು ತನ್ನದೇ ಮಾತಿನಿಂದ ನಿಂತುಹೋಯಿತಲ್ಲ ಎಂದು ಒಳಗೊಳಗೇ ಕುಟುಕಿತು.

ಭಾನುವಾರ ಚರ್ಚು ಮುಗಿದು ನೆಲದೊಲೆಯ ಮಣ್ಣು ಸರಿಸಿದಾಗ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು, ಮಾಂಸ ಸುತ್ತಿ ಬೇಯಿಸಿದ ಲೂ ಪೊಟ್ಟಣಗಳಲ್ಲಿ ದೊಡ್ಡದನ್ನೇ ಆರಿಸಿ ತಟ್ಟೆಗಿಟ್ಟು, ಬೇಲಿ ಸುತ್ತಿ ಪಕ್ಕದ ಮನೆಗೆ ಹೋದಳು. ಕೆಫುವಿನ ಹೆಂಡತಿ ವಿಕಾ ಜಗಲಿಯಲ್ಲೇ ಎದುರಾದಳು.

"ಬನ್ನಿ ಅಕ್ಕಾ. ಇವ್ರು ಗುರುವಾರದಿಂದ ಮೂಕಪ್ರಾಣಿ ಆಗಿದಾರೆ. ಆ ಹಿತ್ತಾಳೆ ಕೊಡಾನ ಮಂಚದ ಕೆಳಗೆ ತಳ್ಳಿಬಿಟ್ಟಿದಾರೆ. ನನ್ನ ಕಿವಿಗೇನೋ ನೆಮ್ಮದಿ ಅನ್ಕೊಂಡೆ. ಆದ್ರೆ ಆ ಮುಖ ನೋಡೋದಕ್ಕಿಂತ ಕೊಡದ ಗೋಳೇ ವಾಸಿ."

ಕೆಫು ಚರ್ಚಿಗೆ ಹೋಗುವಾಗ ಬಟ್ಟೆಯ ಮೇಲೆ ಉಡುವ ಹೆಣೆದ ಚಾಪೆಯನ್ನು ಸೊಂಟದಿಂದ ಬಿಚ್ಚದೆಯೇ ಗೋಡೆಗೊರಗಿ ಕೂತಿದ್ದ. ಲೆಸಿಯೆಲಿಯನ್ನು ಕಂಡು ಗೌರವಕ್ಕೆ ಎದ್ದ, ಕಣ್ಣು ಮಾತ್ರ ಎತ್ತಲಿಲ್ಲ.

"ನಗೋಕೆ ಜನ ಕರೆಸಿದ್ರಲ್ಲ ಅಕ್ಕಾ" ಎಂದ. "ಮೋಸೆಸೆ ಸೈಕಲ್ಲು, ಟೀಚರ ಬೀಸಣಿಗೆ ಎರಡೂ ನೋಡ್ದೆ. ಪರವಾಗಿಲ್ಲ. ಮರ ಕೇಳುತ್ತೆ, ಹಂದಿ ಕೇಳುತ್ತೆ ಅಂದ್ಕೊಂಡು ಊದ್ತಿದ್ದೆ. ನಿಮಗೆ ತೊಂದ್ರೆ ಆಗಿದ್ರೆ ಹೇಳಬಹುದಿತ್ತು. ಬೇರೆ ಕಡೆ ಹೋಗ್ತಿದ್ದೆ."

"ತೊಂದ್ರೆನಾ?" ಲೆಸಿಯೆಲಿ ತಟ್ಟೆ ಇಟ್ಟು ಚಾಪೆಯ ಮೇಲೆ ಕೂತಳು. "ನಾನು ಹೇಳೋದು ಸ್ವಲ್ಪ ಕೇಳು ಕೆಫು. ಮಳೆಗಾಲದ ಮೊದಲು ನಿನ್ನ ಉಸಿರು ಎರಡನೇ ಸಾಲಿನ ನಡುವೆ ಖಾಲಿಯಾಗ್ತಿತ್ತು. 'ಗಾಳಿ' ಅನ್ನೋ ಪದ ಬಂದ ಕೂಡ್ಲೇ ಮುಗ್ಗರಿಸ್ತಿದ್ದೆ. ಒಂದಿನ ಅದಕ್ಕಿಂತ ಮುಂಚೆಯೇ ಸಣ್ಣದೊಂದು ಉಸಿರು ಕದ್ದುಕೊಂಡೆ. ಅವತ್ತಿಂದ ಆ ಸಾಲು ಪೂರ್ತಿ ಬಂತು. ಹೌದೋ ಅಲ್ವೋ?"

ಕೆಫು ಮೊದಲ ಸಲ ತಲೆಯೆತ್ತಿದ.

"ಮಳೆ ಬಂದ ವಾರ ನೀನು ತಗಡಿನ ಚಾವಣಿ ಕೆಳಗೆ ಕೂತೆ. ದನಿ ದುಂಡಗಾಯ್ತು. ಅದು ನಿಂಗೂ ಇಷ್ಟವಾಗಿರಬೇಕು, ಯಾಕಂದ್ರೆ ಮಳೆ ನಿಂತ್ರೂ ಎರಡು ದಿನ ಅಲ್ಲೇ ಇದ್ದೆ. ಆಮೇಲೆ ಮರದ ಕೆಳಗೆ ಬಂದಾಗ ಆ ದುಂಡನೇ ದನಿಯನ್ನೂ ಜೊತೆಗೇ ತಂದೆ. ಅದು ಹೇಗೆ ತಂದೆ ಅಂತ ನಾನು ಎಷ್ಟೋ ದಿನ ಯೋಚನೆ ಮಾಡಿದೀನಿ. ನಿನ್ನ ಅಣ್ಣ ತೀರಿಕೊಂಡ ವಾರ ನೀನು ಸ್ತೋತ್ರ ನುಡಿಸಲೇ ಇಲ್ಲ. ಕೆಳಗಿನ ಸ್ವರ ಒಂದನ್ನೇ ಹಿಡಿದು ಕೂತಿದ್ದೆ. ಅವತ್ತು ನಾನು ಯಂತ್ರ ನಿಲ್ಲಿಸಿ, ಕತ್ತಲಾಗೋ ತನಕ ಕಿಟಕಿ ಹತ್ರ ನಿಂತಿದ್ದೆ."

ವಿಕಾ ಬಾಗಿಲಲ್ಲಿ ನಿಂತವಳು ನಿಂತಂತೆಯೇ ಇದ್ದಳು.

"ನಾವು ಮೂರು ಜನ ವಾರಕ್ಕೊಂದ್ಸಲ ಸೇರ್ತೀವಿ. ಅವರವರು ಏನು ಕೇಳ್ತಾ ಇದೀವಿ ಅಂತ ಹೇಳ್ಕೋತೀವಿ. ನನ್ನ ಸರದಿ ಬಂದಾಗ ನಿನ್ನ ಹೆಸರು ಹೇಳ್ದೆ. ಬೇರೆ ಏನೂ ನಾನು ಕೇಳ್ತಿರಲಿಲ್ಲ ಕೆಫು. ಅದಕ್ಕೆ ಬಂದ್ರು. ನಕ್ಕಿದ್ದು ಯಾರೂ ಇಲ್ಲ. ಆ ಸ್ವರ ಬರಲಿ, ಬರಲಿ ಅಂತ ಮೂರು ಜನಾನೂ ಜೀವ ಹಿಡ್ಕೊಂಡಿದ್ವಿ. ಬರಲಿಲ್ಲ ಅಂತ ಟೀಚರು ನರಳಿದ್ರು. ಆದ್ರೆ ನಿನ್ನ ಕೇಳದೆ ಅವರನ್ನ ಕರೆಸಿದ್ದು ತಪ್ಪು. ಅದಕ್ಕೆ ಬಂದೆ."

ಕೆಫು ತನ್ನ ಅಂಗೈ ನೋಡಿಕೊಂಡ. ಡೋಲಿನ ಕೋಲು ಹಿಡಿದು ದಡ್ಡುಗಟ್ಟಿದ ಕೈ. "ಹುಡುಗನಾಗಿದ್ದಾಗ ಬಂದರಿನ ಬ್ಯಾಂಡಿಗೆ ಸೇರಿದೆ" ಎಂದ. "ಮೈ ನೋಡಿ ಡೋಲು ಕೊಟ್ರು. ಇವನಾದ್ರೆ ಹೊರ್ತಾನೆ ಅಂತ. ಅವತ್ತಿಂದ ಹೊತ್ತಿದೀನಿ. ಡೋಲಿನವನನ್ನ ಯಾರು ಕೇಳ್ತಾರೆ ಅಕ್ಕಾ? ತಪ್ಪು ಹೊಡೆದ್ರೆ ಮಾತ್ರ ಎಲ್ಲರೂ ತಿರುಗಿ ನೋಡ್ತಾರೆ. ಎಲ್ಲರ ಹಿಂದೆ ನಿಂತು, ಮುಂದಿನವರ ಬೆನ್ನು ನೋಡ್ತಾ, ಅವರ ಕೈಯಲ್ಲಿ ಹಾಡು ಹೋಗೋದನ್ನ ನೋಡ್ತಾ ಇರೋದು. ಡೋಲು ಕೀಳು ಅಂತಲ್ಲ. ಅದಿಲ್ಲದಿದ್ರೆ ಬ್ಯಾಂಡು ನಡೆಯೋದೇ ಇಲ್ಲ. ಆದ್ರೂ ಸಾಯೋ ಮುಂಚೆ ಒಂದ್ಸಲ ಹಾಡನ್ನ ನಾನೇ ಹೊರಬೇಕು ಅನ್ನಿಸ್ತು."

"ಹೊತ್ತಿದೀಯಲ್ಲ" ಎಂದಳು ಲೆಸಿಯೆಲಿ. "ಒಂದೇ ಒಂದು ಮೆಟ್ಟಿಲು ಬಾಕಿ."

"ನೀವು ನಿಜವಾಗ್ಲೂ ದಿನಾ ಕೇಳಿದ್ರಾ?"

"ದಿನಾ."

ಬೆಟ್ಟದಂಥ ಮನುಷ್ಯ ಮುಖ ಆಚೆಗೆ ತಿರುಗಿಸಿದ. "ವಿಕಾ, ಲೂ ತಣ್ಣಗಾಗುತ್ತೆ. ಅಕ್ಕಂಗೂ ಒಂದು ತಟ್ಟೆ ತಾ" ಎಂದ.

ಸೋಮವಾರ ಸಂಜೆ ಕುರ್ಚಿ ಕಿರುಗುಟ್ಟಿತು. ಲೆಸಿಯೆಲಿ ಎದ್ದು ಹೋಗಿ ಕಿಟಕಿಯನ್ನು ಪೂರ್ತಿ ತೆರೆದಳು. ಬೇಲಿಯ ಎಲೆಗಳ ಸಂದಿನಲ್ಲಿ ನೋಡಿದರೆ ಕೆಫು ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಿದ್ದ.

ಆ ವಾರದ ಕೂಟಕ್ಕೆ ಕೆಫುವನ್ನೂ ಕರೆದರು. ಟೈರ್ ಅಂಗಡಿಗೆ ಅವನು ಮದುವೆಗೆ ಬಂದವನಂತೆ ಬಿಳಿ ಅಂಗಿ ತೊಟ್ಟು ಬಂದ. ಹೆಪಿಸಿಪಾ ಮೊದಲೇ ಎದ್ದು ನಿಂತು, "ಅವತ್ತು ನರಳಿದ್ದು ನಾನು ಕಣಪ್ಪ. ನನ್ನ ಹಾಡುಗಾರರು ಇಡೀ ಸ್ತೋತ್ರ ಕೆಡಿಸಿದಾಗಲೂ ನನಗೆ ಅಷ್ಟು ಹೊಟ್ಟೆ ಉರಿದಿಲ್ಲ" ಎಂದಳು. ಕ್ಷಮೆ ಕೇಳುವ ರೂಢಿ ಇಲ್ಲದ ಹೆಂಗಸು. ಅಷ್ಟು ಹೇಳುವುದರಲ್ಲಿ ಬೆವರಿದಳು. ಬೆವರು ಆರಿದ್ದೇ ತಡ ಮೇಷ್ಟರಿಕೆ ಮರಳಿತು. "ಈಗ ಒಂದು ಉಪಾಯ ಹೇಳ್ತೀನಿ. ನೆಲೆಯನ್ನ ಒಂದು ಮೆಟ್ಟಿಲು ಕೆಳಗೆ ಇಟ್ಕೋ. ಅಂಕಿ ಅವೇ ಇರುತ್ತೆ, ಹಾಡೂ ಅದೇ. ಆ ಮೇಲಿನ ಮೂರು ಸುಲಭಕ್ಕೆ ಕೈಗೆ ಸಿಗುತ್ತೆ. ನನ್ನ ಗಂಡಸರು ಸೋತಾಗ ಹಾಗೇ ಮಾಡೋದು."

ಕೆಫು ವಿನಯದಿಂದ ಕೇಳಿಸಿಕೊಂಡ. "ನಿಜ ಟೀಚರ್. ಆದ್ರೆ ಬ್ಯಾಂಡು ನನಗೋಸ್ಕರ ಕೆಳಗಿಳಿಯಲ್ಲ. ನಾನು ಬ್ಯಾಂಡಿನ ಜೊತೆ ಊದಬೇಕು. ಮತ್ತೆ... ಗುಡ್ಡ ತಗ್ಗಿಸಿಕೊಂಡು ಹತ್ತಿದೆ ಅಂದ್ರೆ ಅದು ಹತ್ತಿದ ಹಾಗಾಗಲ್ಲ."

ಮೋಸೆಸೆ ತೊಡೆ ತಟ್ಟಿದ. "ಟೀಚರಿಗೆ ಉತ್ತರ ಕೊಟ್ಟು ಜೀವಂತ ಉಳಿದಿರೋನು ಇವನೊಬ್ಬನೇ!"

ಹೆಪಿಸಿಪಾ ಕೆಫುವನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಬೇರೆಯೇ ದನಿಯಲ್ಲಿ, "ಸರಿ, ಹಾಗಾದ್ರೆ ಹೊಟ್ಟೆಯಿಂದ ನೆಗಿ. ತುಟಿಯಿಂದ ಅಲ್ಲ. ಹೆದರಿ ತುಟಿ ಬಿಗಿಹಿಡೀತಾ ಇದೀಯ, ಅದಕ್ಕೇ ಒಡೆಯೋದು" ಎಂದಳು. ಎದ್ದು ನಿಂತು, ಟೈರುಗಳ ನಡುವೆ, ಎಷ್ಟೋ ವರ್ಷಗಳಿಂದ ಯಾರ ಮುಂದೆಯೂ ಒಂಟಿಯಾಗಿ ಹಾಡದಿದ್ದವಳು ಆ ಸಾಲನ್ನು ಹಾಡಿ ತೋರಿಸಿದಳು. ಗಾಳಿ ತುಂಬಿಸಿಕೊಳ್ಳಲು ಬಂದ ಟ್ಯಾಕ್ಸಿಯವನು ಎಂಜಿನ್ ಆರಿಸಿ ಕೇಳಿದ.

ತಿಂಗಳು ಕಳೆಯಿತು. ಕೆಫು ಬ್ಯಾಂಡಿನ ಮುಖ್ಯಸ್ಥನ ಬಳಿ ಹೋಗಿ, ಹೊರಗಿನ ದ್ವೀಪಗಳಿಗೆ ಓಡಾಡಲು ಬಂದಿದ್ದ ಹೊಸ ಹಡಗನ್ನು ಹರಸುವ ದಿನ ಆ ಸ್ತೋತ್ರಕ್ಕಷ್ಟೇ ಯುಫೋನಿಯಂ ಸಾಲಿನ ಕೊನೆಯಲ್ಲಿ ಕೂರಲು ಬಿಡಿ ಎಂದು ಕೇಳಿದ. "ಡೋಲು ಯಾರು ಹೊಡೀತಾರೆ?" ಎಂದನಂತೆ ಅವನು. ಕೆಫು ತನ್ನ ಜೊತೆ ಕ್ರೇನಿನಲ್ಲಿ ದುಡಿಯುವವನೊಬ್ಬನಿಗೆ ಆಗಲೇ ಕಲಿಸಿಟ್ಟಿದ್ದ.

ಹಡಗು ಹರಸುವ ಶನಿವಾರ ಬೆಳಿಗ್ಗೆ ಬಂದರು ಕಿಕ್ಕಿರಿದಿತ್ತು. ಹಡಗಿನ ಮೂತಿಗೆ ಹೂಮಾಲೆ ಹಾಕಿದ್ದರು. ಗಾಳಿ ಸುಯ್ಯೆನ್ನುತ್ತಿತ್ತು. ಮೂವರೂ ಹಗ್ಗ ಕಟ್ಟುವ ಗೂಟದ ಬಳಿ ಜಾಗ ಹಿಡಿದರು. ಬ್ಯಾಂಡು ಎರಡು ನಡಿಗೆ ಹಾಡು ನುಡಿಸುವ ತನಕ ಕೆಫು ಡೋಲು ಹೊತ್ತೇ ನಿಂತಿದ್ದ. ಆಮೇಲೆ ಡೋಲಿನ ಪಟ್ಟಿ ಬಿಚ್ಚಿ, ಜೊತೆಗಾರನ ಹೆಗಲಿಗೆ ತಾನೇ ಹಾಕಿ, ಮುಂದೆ ನಡೆದು ಬಂದು ಖಾಲಿ ಕುರ್ಚಿಯಲ್ಲಿ ಕೂತ. ಯುಫೋನಿಯಮನ್ನು ಮಡಿಲಿಗೆತ್ತಿಕೊಂಡ. ಹಿತ್ತಲಿನಲ್ಲಿ ಮಾಡುವಂತೆಯೇ ಒಂದು ಸಲ ಕೆಮ್ಮಿದ.

ಸ್ತೋತ್ರ ಶುರುವಾಯಿತು. ಹಿತ್ತಾಳೆಯ ದನಿಗಳೆಲ್ಲ ಒಂದಾಗಿ, ಅಲೆಯೊಂದು ಎದ್ದು ಬಂದಂತೆ ಬಂದರಿನ ಮೇಲೆ ಹರಡಿತು. ಜನ ಟೋಪಿ ತೆಗೆದರು. ಕೆಲವರು ಜೊತೆಗೇ ಹಾಡತೊಡಗಿದರು. ಮೋಸೆಸೆ ಕುತ್ತಿಗೆ ಚಾಚಿ, "ಇವನದ್ಯಾವುದು ಅಂತಲೇ ಗೊತ್ತಾಗ್ತಿಲ್ವಲ್ಲ" ಎಂದು ಗೊಣಗಿದ.

ಲೆಸಿಯೆಲಿಗೆ ಗೊತ್ತಾಗುತ್ತಿತ್ತು. ಎಲ್ಲರ ದನಿಯ ಅಡಿಯಲ್ಲಿ, ಎಡಬದಿಯ ಕೊನೆಯಲ್ಲಿ, ತಗಡಿನ ಚಾವಣಿ ಕೆಳಗೆ ಹುಟ್ಟಿದ ಆ ದುಂಡನೇ ದನಿ. 'ಗಾಳಿ' ಎಂಬ ಪದಕ್ಕೆ ಮುಂಚೆ ಕದ್ದ ಉಸಿರು. ಮೂರನೆಯ ಸಾಲು ಮೇಲೇರಿತು. ಅವಳು ಹೆಪಿಸಿಪಾಳ ಕೈ ಹಿಡಿದುಕೊಂಡಳು. ಐದು.

ಮೇಲಿನ ಮೂರು ಬಂತು. ಕೂದಲೆಳೆಯಷ್ಟು ತಡವಾಗಿ, ಬಾಗಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿದವನಂತೆ ಬಂತು. ಬಂದು ನಿಂತಿತು. ಒಡೆಯಲಿಲ್ಲ. ಸಾಲು ಮುಗಿಯುವ ತನಕ, ಉಳಿದವರು ಉಸಿರು ಎಳೆದುಕೊಂಡ ಮೇಲೂ ಒಂದು ಗಳಿಗೆ ನಿಂತೇ ಇತ್ತು.

"ಬಂತಾ?" ಎಂದಳು ಹೆಪಿಸಿಪಾ. ಅವಳಿಗೂ ಬ್ಯಾಂಡು ಒಂದೇ ಆಗಿ ಕೇಳಿಸಿತ್ತು. "ಹೇಳೇ, ಬಂತಾ?"

ಲೆಸಿಯೆಲಿ ಹೌದೆಂದು ತಲೆಯಾಡಿಸಿದಳು.

"ಅಷ್ಟು ಜನರ ನಡುವೆ ಹೇಗೆ ತಿಳೀತು ನಿಂಗೆ? ನಲವತ್ತು ವರ್ಷ ಹಾಡು ಕಲಿಸಿದ ನನಗೇ ತಿಳೀಲಿಲ್ಲ."

"ಹೇಗೆ ಅಂತ ಹೇಳಲಿ ಟೀಚರ್? ಚರ್ಚು ತುಂಬಿದ್ರೂ ನಮ್ಮ ಮನೆಯವರ ಕೆಮ್ಮು ಗೊತ್ತಾಗಲ್ವಾ, ಹಾಗೆ."

ಪ್ರಾರ್ಥನೆ ಮುಗಿದು ಜನ ಹಡಗು ನೋಡಲು ನುಗ್ಗಿದಾಗ, ಕೆಫು ಗುಂಪನ್ನು ಸೀಳಿಕೊಂಡು ಬಂದ. ತುಟಿ ಊದಿಕೊಂಡಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಮೋಸೆಸೆ ಅಪ್ಪಿಕೊಳ್ಳಲು ಹೋದರೆ ಅವನನ್ನು ಪಕ್ಕಕ್ಕೆ ಸರಿಸಿ ನೇರ ಲೆಸಿಯೆಲಿಯ ಎದುರು ನಿಂತ. ಸುಮ್ಮನೆ ನೋಡಿದ.

"ಬಂತು" ಎಂದಳು ಲೆಸಿಯೆಲಿ. "ಸ್ವಲ್ಪ ಹೆದರ್ಕೊಂಡೇ ಬಂತು. ಆದ್ರೆ ಬಂತು. ಆಮೇಲೆ ಬಿಡೋಕೆ ಮನಸ್ಸಾಗಲಿಲ್ಲ ನಿಂಗೆ."

"ಅದೂ ಗೊತ್ತಾಯ್ತಾ?" ಎಂದು ಕೆಫು ನಕ್ಕ. ಆ ನಗು ಬೆಟ್ಟದ ಒಳಗಿಂದ ಉರುಳಿ ಬಂದ ಹಾಗಿತ್ತು. "ಮುಖ್ಯಸ್ಥ ಬೈದ. ಎಲ್ಲರೂ ನಿಲ್ಲಿಸಿದ ಮೇಲೂ ಎಳೀತಾ ಕೂತಿದ್ದೆಯಲ್ಲ, ಹಡಗನ್ನ ದಡಕ್ಕೆ ಎಳೀತಿದ್ಯಾ ಅಂದ."

"ಅವನಿಗೆ ಏನು ಗೊತ್ತು" ಎಂದಳು ಹೆಪಿಸಿಪಾ ಖಡಾಖಂಡಿತವಾಗಿ. ತನ್ನ ಹಾಡುಗಾರರನ್ನು ಎಂದೂ ಹೊಗಳದ ಆ ಬಾಯಿಯಿಂದ ಬಂದ ಮಾತಿಗೆ ಮೂವರೂ ಬೆಚ್ಚಿಬಿದ್ದರು.

ಅಷ್ಟರಲ್ಲಿ ವಿಕಾ ಕಲ್ಲಂಗಡಿಯ ಓತಾಯ್ ಪಾನಕದ ದೊಡ್ಡ ಪಾತ್ರೆ ಹೊತ್ತು ಬಂದಳು. ಲೋಟ ಎತ್ತುವ ಹೊತ್ತಿಗೆ ಹೊಸ ಹಡಗು ತನ್ನ ಮೊದಲ ಕೂಗು ಹಾಕಿತು. ಮಕ್ಕಳು ಕಿವಿ ಮುಚ್ಚಿಕೊಂಡರು, ಸಮುದ್ರದ ಹಕ್ಕಿಗಳು ಚದುರಿದವು.

"ಆ ಕೂಗು ಆರು" ಎಂದ ಮೋಸೆಸೆ.

"ನಿನ್ನ ತಲೆ. ಏಳು, ಸ್ವಲ್ಪ ಇಳಿದಿದೆ ಅಷ್ಟೆ" ಎಂದಳು ಹೆಪಿಸಿಪಾ.

"ಇನ್ನೊಂದ್ಸಲ ಕೂಗಲಿ ತಡೀರಿ" ಎಂದು ಕೆಫು ಲೋಟವನ್ನು ಕೆಳಗಿಟ್ಟ. ಕೂಟದ ನಾಲ್ವರೂ ಬಾಯಿ ಮುಚ್ಚಿಕೊಂಡು, ಕಿವಿಯನ್ನು ಹಡಗಿನ ಕಡೆ ತಿರುಗಿಸಿ ಕಾಯತೊಡಗಿದರು.